ಮೇಣದ ಬಿಲ್ಲೆಯೊಳಗಿನ ಮೂಲಧನ

ಬೆಲ್ಲ, ಅಕ್ಕಿ, ರೇಷ್ಮೆ, ಎಳನೀರು ಇವುಗಳ ಸುತ್ತ ಬೆಳೆದುಬಂದ ನಮ್ಮ ಜಿಲ್ಲೆಯ ವಾಣಿಜ್ಯಕ್ಕೂ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಪರೀಕ್ಷೆಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧ ಎರಡು ಬಗೆಯದು. ನಮ್ಮಲ್ಲಿ ಯಾರ ಮನೆಯೂ ಆ ಕಾಯಿಲೆಗೆ ಹೊರತಲ್ಲ ಎಂಬುದು ಒಂದು. ಬೆಂಗಳೂರಿನ ಪ್ರಯೋಗಾಲಯದಲ್ಲಿ ನಡೆಯುವ ಈ ದುಬಾರಿ ಪರೀಕ್ಷೆಯ ಫಲಿತಾಂಶವು ಬಹುಮಟ್ಟಿಗೆ ಮಂಡ್ಯದಲ್ಲಿಯೋ ಮದ್ದೂರಿನಲ್ಲಿಯೋ ಮಳವಳ್ಳಿಯಲ್ಲಿಯೋ ಒಂದು ಸೀಸೆಯೊಳಗೆ ಮೊದಲ ದಿನವೇ ನಿರ್ಧಾರವಾಗಿಬಿಡುತ್ತದೆ ಎಂಬುದು ಇನ್ನೊಂದು. ಸೀಸೆ, ಅದರೊಳಗಿನ ದ್ರವ, ಮೇಲಿನ ಚೀಟಿ, ಸಾಗಣೆ ಇವೆಲ್ಲ ನಮ್ಮಂಥ ವರ್ತಕರ ಮತ್ತು ಸಣ್ಣ ಉದ್ದಿಮೆದಾರರ ಕಕ್ಷೆಗೆ ಸೇರಿದ ವಸ್ತುಗಳೇ ಆಗಿವೆ.

ಈ ಲೇಖನಕ್ಕೆ ಕಾರಣವಾದ ಪ್ರಸಂಗವೊಂದಿದೆ. ಮದ್ದೂರು ಕಡೆಯ ವರ್ತಕ ಮಿತ್ರರೊಬ್ಬರ ಪತ್ನಿಗೆ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸೂಜಿಯಿಂದ ತೆಗೆದ ಎರಡು ಎಳೆಯಷ್ಟು ಮಾಂಸದ ಚೂರನ್ನು ಪರೀಕ್ಷಿಸಿದ ವೈದ್ಯರು ಕ್ಯಾನ್ಸರ್ ಎಂದು ಖಚಿತಪಡಿಸಿ, ಯಾವ ಮಾತ್ರೆ ಹೊಂದುತ್ತದೆಂದು ತಿಳಿಯಲು ಡಿಎನ್‌ಎ ಪರೀಕ್ಷೆ ಆಗಬೇಕೆಂದರು. ಮಾದರಿ ಬೆಂಗಳೂರಿಗೆ ಹೋಯಿತು. ಮೂರು ವಾರ ಕಾದ ಮೇಲೆ ಬಂದುದು ಒಂದೇ ಸಾಲಿನ ಉತ್ತರ: ಡಿಎನ್‌ಎಯ ಪ್ರಮಾಣ ಹಾಗೂ ಗುಣಮಟ್ಟ ಪರೀಕ್ಷೆಗೆ ಸಾಲದು, ಹೊಸ ಮಾದರಿ ಕಳುಹಿಸುವುದು. ಮಿತ್ರರು ನನ್ನನ್ನು ಕೇಳಿದ ಪ್ರಶ್ನೆ ಇದು: “ಕೋವಿಡ್ ಕಾಲದಲ್ಲಿ ಮೂಗಿನ ತೇವದಿಂದಲೇ ಕಣ್ಣಿಗೆ ಕಾಣದ ವೈರಾಣುವನ್ನು ಕೋಟಿಗಟ್ಟಲೆ ಹೆಚ್ಚಿಸಿ ಹಿಡಿದರಲ್ಲ, ಕಣ್ಣಿಗೆ ಕಾಣುವ ಮಾಂಸದ ಚೂರಿನಿಂದ ಏಕೆ ಆಗುವುದಿಲ್ಲ?” ಪ್ರಶ್ನೆ ನ್ಯಾಯವಾದುದು. ಉತ್ತರ ಹುಡುಕುವಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ನಿರೂಪಿಸಿದ್ದೇನೆ. ಆ ಮೊದಲ ಮಾದರಿಯನ್ನು ತೆಗೆದುದು ಹಬ್ಬದ ಹಿಂದಿನ ದಿನ. ರಜೆ ಕಳೆಯುವವರೆಗೆ ಅದು ನೀರು ಬೆರೆಸದ, ಬಹುಕಾಲದಿಂದ ಶೇಖರಿಸಿಟ್ಟ ಕಡು ಫಾರ್ಮಾಲಿನ್‌ನಲ್ಲಿ ಐದು ದಿನ ಮುಳುಗಿತ್ತೆಂಬುದು ನಂತರ ತಿಳಿಯಿತು.

ಚಕ್ರಬಡ್ಡಿಯ ಲೆಕ್ಕ

ಡಿಎನ್‌ಎ ವೃದ್ಧಿಯ ವಿಧಾನಕ್ಕೆ ಪಿಸಿಆರ್ ಎಂದು ಹೆಸರು. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಇದನ್ನು ಕಲ್ಪಿಸಿದರು. 1993ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ಎಳೆಗಳ ಡಿಎನ್‌ಎಯನ್ನು ಕಾಯಿಸಿದರೆ ಎಳೆಗಳು ಬೇರ್ಪಡುತ್ತವೆ. ತಣಿಸಿದಾಗ ಒಂದೊಂದು ಎಳೆಯ ಗೊತ್ತಾದ ಜಾಗದಲ್ಲಿ ಒಂದು ಚಿಕ್ಕ ಆರಂಭ ತುಣುಕು ಕೂರುತ್ತದೆ. ಅಲ್ಲಿಂದ ಮುಂದಕ್ಕೆ ಒಂದು ಕಿಣ್ವವು ಪ್ರತಿಯನ್ನು ಕಟ್ಟಿಕೊಂಡು ಹೋಗುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದು ಪ್ರತಿಯು 107 ಕೋಟಿಗೆ ಮುಟ್ಟುತ್ತದೆ. ಪ್ರತಿ ಸುತ್ತಿಗೂ ನೂರಕ್ಕೆ ನೂರು ಬಡ್ಡಿ, ಅದೂ ಚಕ್ರಬಡ್ಡಿ. ಕೋವಿಡ್ ವರದಿಯಲ್ಲಿ ನಾವೆಲ್ಲ ನೋಡಿದ ಸಿಟಿ ಮೌಲ್ಯವೆಂಬ ಅಂಕಿಯು ವೈರಾಣು ಕಣ್ಣಿಗೆ ಬೀಳಲು ಇಂಥ ಎಷ್ಟು ಸುತ್ತು ಬೇಕಾಯಿತೆಂಬ ಲೆಕ್ಕವೇ ಹೊರತು ಬೇರೇನೂ ಅಲ್ಲ.

ಕುದಿಬಿಂದುವಿನ ಹತ್ತಿರದ ಶಾಖವನ್ನು ತಡೆಯುವ ಆ ಕಿಣ್ವ ಬಂದುದು ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಸೂಕ್ಷ್ಮಾಣುವಿನಿಂದ. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ಆ ಜೀವಿಯನ್ನು ವರ್ಣಿಸಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಕಿಣ್ವಕ್ಕೆ ಟ್ಯಾಕ್ ಎಂಬ ಹೆಸರು ಅಲ್ಲಿಂದಲೇ ಬಂದಿದೆ. ಒಂದು ಕಾಲದಲ್ಲಿ ಇದು ಪೂರ್ತಿ ವಿದೇಶಿ ಸರಕು. ಮಂಜುಗಡ್ಡೆಯಲ್ಲಿಟ್ಟು ವಿಮಾನದಲ್ಲಿ ತರಿಸಬೇಕಾಗಿತ್ತು, ಸುಂಕದ ಕಟ್ಟೆಯಲ್ಲಿ ಮಂಜು ಕರಗಿದರೆ ಹಣವೂ ಕರಗಿದಂತೆಯೇ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ಡಾ. ಪಿ. ಬಾಬು ಅವರು 1989ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬ್ಯಾಂಗಲೋರ್ ಜೀನೈ ಎಂಬ ಸಂಸ್ಥೆ ಇಂಥ ಕಿಣ್ವಗಳನ್ನು ಇಲ್ಲಿಯೇ ತಯಾರಿಸಿ ದೇಶದ ಕಾಲೇಜುಗಳಿಗೂ ಪ್ರಯೋಗಾಲಯಗಳಿಗೂ ಒದಗಿಸತೊಡಗಿತು. ಯಂತ್ರದ ಬಿಡಿಭಾಗಗಳಿಗೆ ಹೆಸರಾದ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಕಿಣ್ವ ಹೊರಬೀಳುತ್ತಿತ್ತೆಂಬುದನ್ನು ನಮ್ಮ ಸಣ್ಣ ಉದ್ದಿಮೆದಾರರು ಗಮನಿಸಬೇಕು. ಆ ಸಂಸ್ಥೆ ಮುಂದೆ ಸನ್ಮಾರ್ ಸಮೂಹಕ್ಕೆ, ಅನಂತರ ಜರ್ಮನಿಯ ಮರ್ಕ್ ಕಂಪನಿಗೆ ಸೇರಿತು. ಅದು ಬೇರೆಯೇ ಕಥೆ.

ಹೀಗೆ ವೃದ್ಧಿಯ ಯಂತ್ರವೂ ಇದೆ, ಕಿಣ್ವವೂ ಇದೆ. ಹಾಗಿದ್ದರೆ ನಮ್ಮ ಮಿತ್ರರ ಮಾದರಿಯಲ್ಲಿ ತೊಡಕು ಎಲ್ಲಿ ಬಂತು? ಮೂಲಧನದಲ್ಲಿ ಬಂತು.

ಗೂಡು ತೂತಾದ ಮೇಲೆ

ಆಸ್ಪತ್ರೆಯಲ್ಲಿ ತೆಗೆದ ಗಡ್ಡೆಯ ಚೂರು ಕೊಳೆಯದಿರಲೆಂದು ಅದನ್ನು ಫಾರ್ಮಾಲಿನ್‌ನಲ್ಲಿ ಹಾಕುತ್ತಾರೆ. ಜರ್ಮನಿಯ ಫರ್ಡಿನಾಂಡ್ ಬ್ಲುಮ್ 1893ರಲ್ಲಿ ಫಾರ್ಮಾಲಿನ್‌ಗೆ ಅಂಗಾಂಶವನ್ನು ಗಟ್ಟಿಗೊಳಿಸಿ ಕಾಪಾಡುವ ಗುಣವಿದೆಯೆಂದು ಕಂಡುಕೊಂಡಾಗಿನಿಂದ ಜಗತ್ತಿನ ಎಲ್ಲ ಪೆಥಾಲಜಿ ವಿಭಾಗಗಳೂ ಇದನ್ನೇ ಅನುಸರಿಸುತ್ತ ಬಂದಿವೆ. ಬಳಿಕ ಆಲ್ಕೋಹಾಲ್‌ನಿಂದ ನೀರಿನಂಶ ತೆಗೆದು, ಜೈಲೀನ್‌ನಲ್ಲಿ ತೊಳೆದು, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ಬಿಲ್ಲೆಯಾಗಿ ಎರಕ ಹೊಯ್ಯುತ್ತಾರೆ. ಇದೇ ಬ್ಲಾಕ್. ಕೋಣೆಯ ಶಾಖದಲ್ಲಿಯೇ ವರ್ಷಾನುಗಟ್ಟಲೆ ಉಳಿಯುವ ಇದಕ್ಕೆ ಶೀತಲ ಪೆಟ್ಟಿಗೆ ಬೇಡ, ವಿದ್ಯುತ್ ಬೇಡ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಿಗೆ ಇದಕ್ಕಿಂತ ಅಗ್ಗವಾದ, ಭದ್ರವಾದ ದಾಸ್ತಾನು ಕ್ರಮ ಬೇರೆ ಇಲ್ಲ. ಸೂಕ್ಷ್ಮದರ್ಶಕದಡಿ ನೋಡಿ ರೋಗವನ್ನು ಗುರುತಿಸುವುದಕ್ಕೆ ಇದು ಅತ್ಯುತ್ತಮ. ಆದರೆ ಈ ಕ್ರಮ ರೂಪುಗೊಂಡ ಕಾಲಕ್ಕೆ ಡಿಎನ್‌ಎಯ ರಚನೆಯೇ ಯಾರಿಗೂ ಗೊತ್ತಿರಲಿಲ್ಲ. ಜೀವಕೋಶದ ಆಕಾರವನ್ನು ಕಾಪಾಡುವ ಅದೇ ದ್ರವ ಅದರ ಒಳಗಿನ ಬರಹವನ್ನು ಹಾಳುಮಾಡುತ್ತದೆ.

ಹೇಗೆಂಬುದನ್ನು ಮಳವಳ್ಳಿಯ ರೇಷ್ಮೆ ಬೆಳೆಗಾರರಿಗೆ, ರೀಲರುಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಸಾವಿರ ಮೀಟರ್ ಉದ್ದದ ಒಂದೇ ಅಖಂಡ ಎಳೆ ಇರುತ್ತದೆ. ಸಕಾಲದಲ್ಲಿ ಹಬೆ ಕೊಟ್ಟು ಒಳಗಿನ ಕೋಶಾವಸ್ಥೆಯನ್ನು ನಿಲ್ಲಿಸದಿದ್ದರೆ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ಎಳೆ ನೂರಾರು ಕಡೆ ತುಂಡಾಗುತ್ತದೆ. ರೇಷ್ಮೆ ಎಲ್ಲಿಗೂ ಹೋಗಿಲ್ಲ, ತೂಕವೂ ಹೆಚ್ಚು ಕಡಮೆ ಅಷ್ಟೇ ಇದೆ; ಆದರೆ ಅದನ್ನು ಬಿಚ್ಚಿ ಸುತ್ತಲು ಬರುವುದಿಲ್ಲ. ಫಾರ್ಮಾಲಿನ್‌ಗೆ ಸಿಕ್ಕ ಡಿಎನ್‌ಎಯ ಸ್ಥಿತಿಯೂ ಇದೇ. ಮನುಷ್ಯನ ಒಂದು ಕೋಶದ ಡಿಎನ್‌ಎ ಅಕ್ಷರಗಳು ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ. ಬ್ಲಾಕಿನಿಂದ ಬಿಡಿಸಿದಾಗ ಅವು ಬಹುತೇಕ ನೂರರಿಂದ ಮುನ್ನೂರು ಅಕ್ಷರಗಳ ತುಣುಕುಗಳಾಗಿ ಸಿಗುತ್ತವೆ. ಕೆಲವು ತುಣುಕುಗಳು ಪಕ್ಕದ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಫಾರ್ಮಾಲಿನ್ ಹಳತಾದಂತೆ ಫಾರ್ಮಿಕ್ ಆಮ್ಲವಾಗುತ್ತದೆ. ಆ ಹುಳಿಯು ಎಳೆಯನ್ನು ಇನ್ನಷ್ಟು ಕಡಿಯುತ್ತದೆ. ಮೂಳೆಯ ಮಾದರಿಯನ್ನು ಮೆದುಗೊಳಿಸಲು ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರಂತೂ ಉಳಿಯುವುದು ಅತ್ಯಲ್ಪ. ಇಡಿಟಿಎ ಎಂಬ ದ್ರಾವಣದಿಂದ ಅದೇ ಕೆಲಸವನ್ನು ನಿಧಾನವಾಗಿ, ಹಾನಿಯಿಲ್ಲದೆ ಮಾಡಬಹುದಾಗಿದೆ.

ವೃದ್ಧಿಯ ವಿಧಾನಗಳಲ್ಲಿ ಬಿಚ್ಚಿ ಸುತ್ತುವಂಥವೂ ಇವೆ, ನೂಲುವಂಥವೂ ಇವೆ. ಇಡೀ ಜೀನೋಮನ್ನು ಒಟ್ಟಾಗಿ ಹೆಚ್ಚಿಸುವ ಉಪಾಯಗಳು 1992ರ ಸುಮಾರಿಗೆ ಬಂದವು. 2002ರ ಹೊತ್ತಿಗೆ ಫೈ29 ಎಂಬ ಕಿಣ್ವವನ್ನು ಬಳಸುವ, ಕಾಯಿಸುವ ಅಗತ್ಯವೇ ಇಲ್ಲದ ವಿಧಾನ ರೂಢಿಗೆ ಬಂತು. ಅದು ಒಂದೆಳೆಯನ್ನು ಹಿಡಿದು ಹತ್ತಾರು ಸಾವಿರ ಅಕ್ಷರಗಳುದ್ದಕ್ಕೂ ಬಿಡದೆ ಪ್ರತಿ ಮಾಡುತ್ತದೆ. ತಪ್ಪೂ ಬಹಳ ಕಡಮೆ. ತಾಜಾ ರಕ್ತಕ್ಕೆ ಅದು ಸೊಗಸಾಗಿ ಒದಗುತ್ತದೆ. ಆದರೆ ಉದ್ದನೆಯ ಎಳೆಯಿದ್ದರೆ ಮಾತ್ರ ಅದರ ಸಾಮರ್ಥ್ಯ ಪ್ರಕಟವಾಗುವುದು. ಮೇಣದ ಬಿಲ್ಲೆಯ ತುಣುಕುಗಳ ಮೇಲೆ ಅದನ್ನು ಹಚ್ಚುವುದು ತೂತುಗೂಡನ್ನು ರೀಲಿಂಗ್ ಬೇಸಿನ್ನಿಗೆ ಹಾಕಿದಂತೆ. ಇಲ್ಲಿ ಒದಗುವುದು ನೂಲುವ ಕ್ರಮ. ಪ್ರತಿಯೊಂದು ಚಿಕ್ಕ ತುಣುಕಿನ ಎರಡು ತುದಿಗೂ ಗೊತ್ತಾದ ಒಂದು ಜೋಡಣೆಯನ್ನು ಅಂಟಿಸಿ, ಆ ಜೋಡಣೆಯನ್ನೇ ಹಿಡಿಕೆಯಾಗಿ ಮಾಡಿಕೊಂಡು ಎಲ್ಲ ತುಣುಕುಗಳನ್ನೂ ಒಮ್ಮೆಗೇ ಹೆಚ್ಚಿಸುವುದು; ಇಲ್ಲವೇ ಜೀನೋಮಿನಲ್ಲಿ ಬೇಕಾದ ಕೆಲವೇ ಜಾಗಗಳನ್ನು ಆರಿಸಿ, ನೂರು ಚಿಲ್ಲರೆ ಅಕ್ಷರಗಳ ಚಿಕ್ಕ ಚಿಕ್ಕ ಖಂಡಗಳಾಗಿ ಹೆಚ್ಚಿಸುವುದು. ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದ ಸ್ಪನ್ ಸಿಲ್ಕ್ ಗಿರಣಿ ಒಂದು ಕಾಲಕ್ಕೆ ಹೆಸರು ಮಾಡಿದ್ದೇ ಬಿಚ್ಚಲಾಗದ ರೇಷ್ಮೆಯಿಂದ ನೂಲು ತೆಗೆದು. ಅಲ್ಲಿಯೂ ಕಚ್ಚಾಮಾಲು ತೀರ ಗಿಡ್ಡವಾದರೆ ನೂಲು ನಿಲ್ಲುತ್ತಿರಲಿಲ್ಲ, ಇಲ್ಲಿಯೂ ಅಷ್ಟೇ.

ಮೂವತ್ತು ಪ್ರತಿ, ಮೂರು ಪ್ರತಿ

ಈಗ ಪ್ರಮಾಣದ ಮಾತು. ಇದು ಲೆಕ್ಕದ ವಿಷಯವಾದ್ದರಿಂದ ನಮ್ಮ ಓದುಗರಿಗೆ ಬೇಗ ಹಿಡಿಸೀತು. ಮನುಷ್ಯನ ಜೀನೋಮಿನ ಒಂದು ಪ್ರತಿಯ ತೂಕ ಸುಮಾರು 3.3 ಪಿಕೋಗ್ರಾಂ. ಆದ್ದರಿಂದ 10 ನ್ಯಾನೋಗ್ರಾಂ ಡಿಎನ್‌ಎ ಎಂದರೆ ಸುಮಾರು 3,000 ಪ್ರತಿ. ಫಾರ್ಮಾಲಿನ್ನಿನ ಹಾನಿಯಿಂದ ಅವುಗಳಲ್ಲಿ ನೂರಕ್ಕೆ ಹತ್ತು ಮಾತ್ರ ವೃದ್ಧಿಗೆ ಒಗ್ಗುತ್ತವೆಂದು ಭಾವಿಸೋಣ; ಉಳಿದವು 300. ಸೂಜಿ ಮಾದರಿಯಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ರೋಗವಿಲ್ಲದ ಕೋಶಗಳೂ, ರಕ್ತದ ಕೋಶಗಳೂ ಬೆರೆತಿರುತ್ತವೆ. ಕ್ಯಾನ್ಸರ್ ಕೋಶಗಳ ಪಾಲು ಐದನೆಯ ಒಂದಾದರೆ 60 ಪ್ರತಿ. ತಂದೆಯಿಂದ ಬಂದ, ತಾಯಿಯಿಂದ ಬಂದ ಎರಡು ಪ್ರತಿಗಳಲ್ಲಿ ಮಾರ್ಪಾಡು ಒಂದರಲ್ಲಿ ಮಾತ್ರ ಇರುವುದು ಸಾಮಾನ್ಯವಾದ್ದರಿಂದ ನಾವು ಹುಡುಕುತ್ತಿರುವ ಬದಲಾವಣೆ ಉಳ್ಳವು 30. ಹತ್ತರ ಬದಲು ಒಂದೇ ನ್ಯಾನೋಗ್ರಾಂ ದೊರೆತಿದ್ದರೆ ಆ 30 ಎಂಬುದು 3 ಆಗುತ್ತದೆ. ಸರಾಸರಿ ಮೂರು ಎಂದರೆ, ನೂರು ಬಾರಿ ಕೊಳವೆಗೆ ಹಾಕಿದಾಗ ಸುಮಾರು ಐದು ಬಾರಿ ಒಂದೂ ಬೀಳದೆ ಹೋಗಬಹುದು. ಹೀಗೆ ತಪ್ಪಿಹೋದದ್ದನ್ನು ಮೂವತ್ತು ಸುತ್ತಲ್ಲ, ಮುನ್ನೂರು ಸುತ್ತು ಹಾಕಿದರೂ ತರಲಾಗದು. ಸೊನ್ನೆಗೆ ಎಷ್ಟು ಬಡ್ಡಿ ಕಟ್ಟಿದರೂ ಸೊನ್ನೆಯೇ.

ಇದ್ದುದೂ ಸಮನಾಗಿ ಬೆಳೆಯುವುದಿಲ್ಲ. ಹಾನಿಯಾಗದ ತುಣುಕು ಪ್ರತಿ ಸುತ್ತಿಗೆ ಪೂರ್ತಿ ಇಮ್ಮಡಿಯಾಗಿ, ಸ್ವಲ್ಪ ತೊಡಕಿರುವ ತುಣುಕು 1.9 ಪಟ್ಟು ಮಾತ್ರ ಆಗುತ್ತದೆನ್ನಿ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಹತ್ತು ಸುತ್ತಿನ ನಂತರ ಮೊದಲನೆಯದು 1,024, ಎರಡನೆಯದು 613. ಮೂವತ್ತು ಸುತ್ತಿನ ನಂತರ ಮೊದಲನೆಯದು 107 ಕೋಟಿ, ಎರಡನೆಯದು 23 ಕೋಟಿ, ಕಾಲುಭಾಗಕ್ಕೂ ಕಡಮೆ. ಬಡ್ಡಿಯ ದರದಲ್ಲಿ ಸಣ್ಣ ಅಂತರವಿದ್ದರೆ ದೀರ್ಘಾವಧಿಯಲ್ಲಿ ಏನಾಗುತ್ತದೆಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಆದ್ದರಿಂದಲೇ ಎಚ್ಚರದ ಪ್ರಯೋಗಾಲಯಗಳು ಸುತ್ತುಗಳನ್ನು ಆದಷ್ಟು ಕಡಮೆ ಮಾಡಿ, ಮೂಲವಸ್ತುವನ್ನು ಆದಷ್ಟು ಹೆಚ್ಚು ಕೇಳುತ್ತವೆ. ಕೋವಿಡ್ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ ವೈರಾಣು ಇದೆಯೇ ಇಲ್ಲವೇ ಎಂಬುದು ಮಾತ್ರ. ಗಡ್ಡೆಯ ಪರೀಕ್ಷೆಯಲ್ಲಿ ಕೇಳುವುದು, ಸಾವಿರಾರು ಸರಿಯಾದ ಪ್ರತಿಗಳ ನಡುವೆ ಒಂದಕ್ಷರ ಬದಲಾದ ಪ್ರತಿ ಇದೆಯೇ, ಇದ್ದರೆ ಎಷ್ಟು ಪಾಲು ಎಂದು. ಮೊದಲನೆಯದು ಅಂಗಡಿ ತೆರೆದಿದೆಯೇ ಎಂದು ಇಣುಕಿದಂತೆ. ಎರಡನೆಯದು ಲೆಕ್ಕ ತಪಾಸಣೆ. ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಗುಮಾಸ್ತನ ಕೈತಪ್ಪು

ಉಳಿದರ್ಧ ಇನ್ನೂ ಗಂಭೀರವಾದುದು. ಫಾರ್ಮಾಲಿನ್ ಎಳೆಯನ್ನು ತುಂಡರಿಸುವುದಷ್ಟೇ ಅಲ್ಲದೆ ಅಕ್ಷರವನ್ನೂ ತಿದ್ದುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೋಸೀನ್ ಎಂಬುದು ಬರಬರುತ್ತ ಯುರಾಸಿಲ್ ಆಗುತ್ತದೆ. ಪ್ರತಿ ಮಾಡುವ ಕಿಣ್ವ ಅದನ್ನು ಥೈಮೀನ್ ಎಂದೇ ಓದುತ್ತದೆ. ಹಳೆಯ ಖಾತೆಯಲ್ಲಿ ಮಸಿ ಹರಡಿ 3 ಎಂಬ ಅಂಕಿ 8ರಂತೆ ಕಂಡರೆ, ನಕಲು ಮಾಡುವ ಗುಮಾಸ್ತ 8 ಎಂದೇ ಬರೆಯುತ್ತಾನೆ. ಆ ನಕಲಿನ ನಕಲುಗಳೆಲ್ಲ 8 ಎನ್ನುತ್ತವೆ. ಮೂಲಪ್ರತಿಗಳು ಸಾವಿರಾರು ಇದ್ದರೆ ಒಂದು ತಪ್ಪು ಮರೆಯಾಗುತ್ತದೆ. ಹತ್ತಿಪ್ಪತ್ತೇ ಇದ್ದಾಗ ಅದೇ ತಪ್ಪು ನಿಜವಾದ ರೋಗಲಕ್ಷಣದಂತೆ ತಲೆಯೆತ್ತಿ ನಿಲ್ಲುತ್ತದೆ.

ಇದರ ಪರಿಣಾಮ ಕಾಗದದ ಮೇಲೆ ಮುಗಿಯುವುದಿಲ್ಲ. ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂಬ ಬಗೆಯಲ್ಲಿ ಇಜಿಎಫ್ಆರ್ ಜೀನಿನ ಮಾರ್ಪಾಡು ಇದ್ದರೆ ಜೆಫಿಟಿನಿಬ್‌ನಂತಹ ಮಾತ್ರೆಗಳು ಕೆಲಸ ಮಾಡುತ್ತವೆಂದು 2004ರಲ್ಲಿ ಗೊತ್ತಾಯಿತು. ಭಾರತದ ರೋಗಿಗಳಲ್ಲಿ ಸುಮಾರು ಕಾಲುಭಾಗ ಮಂದಿಗೆ ಈ ಮಾರ್ಪಾಡು ಕಂಡುಬರುತ್ತದೆ. ಭಾರತೀಯ ಕಂಪನಿಗಳೇ ತಯಾರಿಸುವುದರಿಂದ ಈ ಮಾತ್ರೆ ಮಧ್ಯಮ ವರ್ಗದ ಕೈಗೆಟಕುತ್ತದೆ. ಆದರೆ ಮಾರ್ಪಾಡು ಇಲ್ಲದವರಿಗೆ ಅದನ್ನು ಕೊಟ್ಟರೆ ಸಾಮಾನ್ಯ ಕೀಮೋಥೆರಪಿಗಿಂತಲೂ ಕೆಟ್ಟ ಫಲ ಬರುತ್ತದೆಂದು 2009ರಲ್ಲಿ ಪ್ರಕಟವಾದ ದೊಡ್ಡ ಏಷ್ಯನ್ ಅಧ್ಯಯನ ತೋರಿಸಿತು. ಅದೇ ಜೀನಿನಲ್ಲಿ ಟಿ790ಎಂ ಎಂಬ ಇನ್ನೊಂದು ಮಾರ್ಪಾಡು ಮೊದಲ ಮಾತ್ರೆಗೆ ರೋಗ ಬಗ್ಗದಂತೆ ಮಾಡುತ್ತದೆ. ದುರದೃಷ್ಟವಶಾತ್ ಅದು ಸೈಟೋಸೀನ್ ಥೈಮೀನ್ ಆಗುವ ಬದಲಾವಣೆಯೇ. ಅಂದರೆ ಫಾರ್ಮಾಲಿನ್ ತಾನಾಗಿ ಮಾಡುವ ತಿದ್ದುಪಡಿಗೂ ಇದಕ್ಕೂ ಅಕ್ಷರದ ವ್ಯತ್ಯಾಸವೂ ಇಲ್ಲ. ಫಾರ್ಮಾಲಿನ್‌ನಲ್ಲಿಟ್ಟ ಮಾದರಿಗಳಲ್ಲಿ ಇಲ್ಲದ ಟಿ790ಎಂ ಇದ್ದಂತೆ ತೋರಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಒಂದು ಸೀಸೆಯ ಹುಳಿ ದ್ರವ ಮನೆಯವರನ್ನು ಅನೇಕ ಪಟ್ಟು ದುಬಾರಿಯಾದ ಬೇರೊಂದು ಮಾತ್ರೆಯ ಕಡೆಗೆ ತಳ್ಳಬಲ್ಲದು.

ಇದಕ್ಕೆ ಪ್ರತಿವಿಧಾನಗಳಿಲ್ಲವೆಂದಲ್ಲ. ಬ್ಲಾಕಿನಿಂದ ಡಿಎನ್‌ಎ ತೆಗೆಯುವಾಗ ಸುಮಾರು 90 ಡಿಗ್ರಿಗೆ ಕಾಯಿಸಿ ಅಂಟುಗಳನ್ನು ಬಿಡಿಸುತ್ತಾರೆ. ಯುರಾಸಿಲ್ ಅಕ್ಷರಗಳನ್ನು ಹುಡುಕಿ ಕಿತ್ತುಹಾಕುವ ಕಿಣ್ವವೊಂದನ್ನು ವೃದ್ಧಿಗೆ ಮುಂಚೆಯೇ ಹಾಕುತ್ತಾರೆ; ತಿದ್ದಿದ ಪ್ರತಿ ಆಗ ನಕಲಾಗುವುದೇ ಇಲ್ಲ. ನನಗೆ ಬಹಳ ಮೆಚ್ಚುಗೆಯಾದುದು ಮೂರನೆಯ ಉಪಾಯ. ವೃದ್ಧಿ ಶುರುವಾಗುವ ಮೊದಲೇ ಪ್ರತಿಯೊಂದು ಮೂಲ ತುಣುಕಿಗೂ ಬೇರೆ ಬೇರೆ ಅಕ್ಷರಗಳ ಒಂದು ಗುರುತುಪಟ್ಟಿಯನ್ನು ಅಂಟಿಸುತ್ತಾರೆ. ಗೋದಾಮಿಗೆ ಬಂದ ಪ್ರತಿ ಮೂಟೆಗೂ ಕ್ರಮಸಂಖ್ಯೆ ಒತ್ತಿದಂತೆ ಇದು. ಕೊನೆಯಲ್ಲಿ ಕೋಟಿಗಟ್ಟಲೆ ಪ್ರತಿಗಳನ್ನು ಓದಿದಾಗ ಅವು ನಿಜವಾಗಿ ಎಷ್ಟು ಮೂಟೆಯಿಂದ ಬಂದವು, ಒಂದೇ ಮೂಟೆಯ ಸಾವಿರ ನಕಲುಗಳೋ ಸಾವಿರ ಮೂಟೆಗಳೋ ಎಂಬುದು ಗೊತ್ತಾಗುತ್ತದೆ. ವರದಿಯಲ್ಲಿ ದೊಡ್ಡ ಅಂಕಿ ಕಂಡು ಮರುಳಾಗುವ ಸಂಭವ ಇದರಿಂದ ತಪ್ಪಿತು.

ಈ ಕೆಲಸಗಳೆಲ್ಲ ನಮಗೆ ದೂರದವಲ್ಲ. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಆರಂಭಿಸಿದ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್, 2013ರಲ್ಲಿ ಆರಂಭವಾದ ಮೆಡ್‌ಜೀನೋಮ್ ಮುಂತಾದವು ಬೆಂಗಳೂರಿನಲ್ಲಿಯೇ ಇವೆ. ಸ್ಟ್ರ್ಯಾಂಡ್ ಸಂಸ್ಥೆಯನ್ನು 2021ರಲ್ಲಿ ರಿಲಯನ್ಸ್ ಸಮೂಹ ಕೊಂಡುಕೊಂಡಿತು. ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ನಮ್ಮ ಜಿಲ್ಲೆಯ ರೋಗಿಗಳು ದಶಕಗಳಿಂದ ಹೋಗುತ್ತಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ಗಣಿತ್ ಲ್ಯಾಬ್ಸ್ ನಾಲಿಗೆಯ ಕ್ಯಾನ್ಸರಿನ ಜೀನೋಮ್ ಅಧ್ಯಯನ ನಡೆಸಿದೆ. ಕಡ್ಡಿಪುಡಿ, ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ನಮ್ಮ ಹಳ್ಳಿಗಳಿಗೆ ಬಾಯಿಯ ಕ್ಯಾನ್ಸರ್ ಎಷ್ಟು ಹತ್ತಿರದ ವಿಷಯವೆಂದು ಬೇರೆ ಹೇಳಬೇಕಾಗಿಲ್ಲ. ಯಂತ್ರ, ಜ್ಞಾನ, ಜನ ಎಲ್ಲವೂ ನೂರು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹೋಗುವ ಸರಕು ಮಾತ್ರ ನಮ್ಮಿಂದ ಸರಿಯಾಗಿ ಹೋಗಬೇಕು.

ಕಬ್ಬು ಕಡಿದ ಹೊತ್ತು

1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ನಮ್ಮ ರೈತರಿಗೆ ಗೊತ್ತಿರುವ ಸತ್ಯವೊಂದಿದೆ: ಕಡಿದ ಕಬ್ಬು ಗದ್ದೆಯಲ್ಲಿಯೋ ಗಾಡಿಯಲ್ಲಿಯೋ ದಿನಗಟ್ಟಲೆ ಒಣಗಿದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ, ಕಾರ್ಖಾನೆಯ ಯಂತ್ರ ಎಷ್ಟೇ ಹೊಸದಾಗಿದ್ದರೂ ಹೋದುದನ್ನು ಹಿಂಡಲಾಗದು. ಮಾಂಸದ ಮಾದರಿಗೂ ಗಡುವುಗಳಿವೆ. ದೇಹದಿಂದ ಬೇರ್ಪಟ್ಟ ಒಂದು ಗಂಟೆಯೊಳಗೆ ಅದು ದ್ರವಕ್ಕೆ ಬೀಳಬೇಕು. ದ್ರವವು ಶೇಕಡ 10ರ ತಟಸ್ಥ ಬಫರ್ ಫಾರ್ಮಾಲಿನ್ ಆಗಿರಬೇಕು. ಅಂಗಡಿಯಲ್ಲಿ ಸಿಗುವ 37ರಿಂದ 40 ಶೇಕಡದ ಮೂಲ ದ್ರವವನ್ನು ಹತ್ತರಲ್ಲಿ ಒಂದು ಪಾಲಾಗಿಸಿ, ಹುಳಿಯಾಗದಂತೆ ಫಾಸ್ಫೇಟ್ ಲವಣ ಸೇರಿಸಿದ್ದು ಇದು. ದ್ರವದ ಪ್ರಮಾಣ ಮಾದರಿಯ ಹತ್ತು ಪಟ್ಟಾದರೂ ಇರಬೇಕು. ಸ್ತನ ಕ್ಯಾನ್ಸರಿನ ಮಾದರಿಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯು 6 ಗಂಟೆಗೆ ಕಡಮೆಯಿಲ್ಲದೆ, 72 ಗಂಟೆಗೆ ಮೀರದೆ ಎಂದು ಅವಧಿಯನ್ನು ಗೊತ್ತುಮಾಡಿದೆ. ಸೂಜಿಯ ಎಳೆಗೆ ಒಂದು ರಾತ್ರಿ ಧಾರಾಳ. ಶನಿವಾರ ಮಧ್ಯಾಹ್ನ, ಹಬ್ಬದ ಮುನ್ನಾದಿನ ತುರ್ತಿಲ್ಲದ ಬಯಾಪ್ಸಿ ಮಾಡಿಸಿಕೊಳ್ಳುವುದಕ್ಕಿಂತ ವಾರದ ನಡುವಿನ ದಿನ ಕೇಳಿಕೊಳ್ಳುವುದು ಲೇಸು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಮನೆಯವರು ಕೇಳಿ ತಿಳಿಯಬೇಕಾದ ಇನ್ನೊಂದು ಮಾತು. ಬ್ಲಾಕ್ ಚಿಕ್ಕದಿದ್ದಾಗ ಅದರಿಂದ ಕೆಲವೇ ಮೈಕ್ರಾನ್ ದಪ್ಪದ ಸೀಳುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಂತೆ ಮಾಲು ಮುಗಿಯುತ್ತದೆ. ಬಣ್ಣದ ಪರೀಕ್ಷೆಗಳಿಗೇ ಎಲ್ಲವೂ ಖರ್ಚಾಗಿ ಡಿಎನ್‌ಎ ಪರೀಕ್ಷೆಗೆ ಬರಿಯ ಮೇಣ ಉಳಿದ ಪ್ರಸಂಗಗಳುಂಟು. ಡಿಎನ್‌ಎ ಪರೀಕ್ಷೆ ಬೇಕಾಗಬಹುದೆಂದು ಮೊದಲೇ ತಿಳಿಸಿದರೆ ಪೆಥಾಲಜಿ ವೈದ್ಯರು ಅದಕ್ಕೆ ಬೇಕಾದ ಸೀಳುಗಳನ್ನು ಒಮ್ಮೆಗೇ ತೆಗೆದಿರಿಸುತ್ತಾರೆ. ಬ್ಲಾಕಿನ ಸಂಖ್ಯೆಯನ್ನು ವರದಿಯ ಜೊತೆ ಬರೆದಿಟ್ಟುಕೊಳ್ಳಬೇಕು. ಜಮೀನಿನ ಪಹಣಿಯಷ್ಟೇ ಜೋಪಾನವಾಗಿ. ಹಣ ಕಟ್ಟುವ ಮುಂಚೆ ಪ್ರಯೋಗಾಲಯದವರನ್ನು, ಕನಿಷ್ಠ ಎಷ್ಟು ಡಿಎನ್‌ಎ ಬೇಕು, ಮಾದರಿ ಸಾಲದಿದ್ದರೆ ಶುಲ್ಕದಲ್ಲಿ ಎಷ್ಟು ಹಿಂದಿರುಗುತ್ತದೆ, ಸಂಶಯ ಬಂದ ಮಾರ್ಪಾಡನ್ನು ಎರಡನೆಯ ಬಾರಿ ಬೇರೆಯಾಗಿ ವೃದ್ಧಿಸಿ ಖಚಿತಪಡಿಸುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಎರಡು ಬಾರಿಯೂ ಅದೇ ಬಂದರೆ ಅದು ಗುಮಾಸ್ತನ ತಪ್ಪಾಗಿರುವ ಸಂಭವ ಬಹಳ ಕಡಮೆ.

ನಮ್ಮ ಮಿತ್ರರ ಮನೆಯಲ್ಲಿ ಎರಡನೆಯ ಬಾರಿ ಬಯಾಪ್ಸಿ ಆಯಿತು. ಮಂಗಳವಾರ ತೆಗೆದ ಚೂರು ಸರಿಯಾದ ದ್ರವದಲ್ಲಿ ಒಂದು ರಾತ್ರಿ ಕಳೆದು, ಗುರುವಾರದ ವೇಳೆಗೆ ಬ್ಲಾಕಾಗಿ ಬೆಂಗಳೂರಿಗೆ ಹೊರಟಿತು. ಮಾರ್ಪಾಡು ಪತ್ತೆಯಾಗಿ ಮಾತ್ರೆ ಶುರುವಾಯಿತು. ಎರಡು ಬಯಾಪ್ಸಿಗಳ ನಡುವೆ ಕಳೆದುಹೋದುದು ಏಳು ವಾರ. ಆ ಏಳು ವಾರದಲ್ಲಿ ಆಕೆಯ ತೂಕ ಎಷ್ಟು ಇಳಿಯಿತೆಂಬುದನ್ನು ಅವರು ಈಗಲೂ ಲೆಕ್ಕ ಹೇಳುತ್ತಾರೆ.

ಉದ್ದಿಮೆದಾರರಿಗೆ

ತೂಬಿನಕೆರೆ, ಸೋಮನಹಳ್ಳಿ, ಗೆಜ್ಜಲಗೆರೆಗಳ ಕೈಗಾರಿಕಾ ಪ್ರದೇಶಗಳಲ್ಲಿ ಪ್ಲಾಸ್ಟಿಕ್ ಅಚ್ಚು, ಮುದ್ರಣ, ರಾಸಾಯನಿಕ ಮಿಶ್ರಣದ ಕೆಲಸದಲ್ಲಿ ತೊಡಗಿರುವವರು ಗಮನಿಸಬೇಕಾದ ಅಂಶಗಳನ್ನು ಹೇಳಿ ಮುಗಿಸುತ್ತೇನೆ. ಕಿಣ್ವ, ಸೀಕ್ವೆನ್ಸಿಂಗ್ ಯಂತ್ರ ಇವು ನಮ್ಮ ಬಂಡವಾಳಕ್ಕೆ ಮೀರಿದವು; ಅತ್ತ ಕಣ್ಣು ಹಾಕಿ ಪ್ರಯೋಜನವಿಲ್ಲ. ಆದರೆ ಅಳತೆಯ ಬಫರ್ ಫಾರ್ಮಾಲಿನ್ ಮೊದಲೇ ತುಂಬಿದ, ಸೋರದ, ಅಗಲ ಬಾಯಿಯ ಡಬ್ಬಿ ಎಂಬುದು ಸರಳ ವಸ್ತು. ಚಿಕ್ಕ ನರ್ಸಿಂಗ್ ಹೋಮುಗಳಲ್ಲಿ ಮಾದರಿ ಹಾಳಾಗುವುದು ಹೆಚ್ಚಾಗಿ ಇಂಥ ಡಬ್ಬಿ ಕೈಗೆ ಸಿಗದೆ, ಇದ್ದ ಸೀಸೆಗೆ ಇದ್ದ ದ್ರವ ಸುರಿದಾಗಲೇ ಎಂಬುದು ನಾನು ಕಂಡ ಸಂಗತಿ. ಡಬ್ಬಿಯ ಮೇಲೆ ತಯಾರಿಕೆಯ ದಿನಾಂಕ, ಮುಗಿಯುವ ದಿನಾಂಕ, ಮತ್ತು ಮಾದರಿ ಮುಳುಗಿಸಿದ ಗಂಟೆಯನ್ನು ಬರೆಯಲು ಒಂದು ಖಾಲಿ ಮನೆ ಇರಲಿ. ಆ ಒಂದು ಸಾಲು ಬೆಂಗಳೂರಿನ ಪ್ರಯೋಗಾಲಯಕ್ಕೆ ಹತ್ತು ಪ್ರಶ್ನೆಗಳನ್ನು ಉಳಿಸುತ್ತದೆ. ಆಲ್ಕೋಹಾಲ್, ಜೈಲೀನ್ ತಾಗಿದರೆ ಅಳಿಸದ ಚೀಟಿ, ಬ್ಲಾಕ್ ಕೂರಿಸುವ ಪ್ಲಾಸ್ಟಿಕ್ ಕ್ಯಾಸೆಟ್, ಬೇಸಿಗೆಯ ಬಸ್ಸಿನ ಡಿಕ್ಕಿಯಲ್ಲಿ ಮೇಣ ಕರಗದಂತೆ ಬ್ಲಾಕುಗಳನ್ನು ಸಾಗಿಸುವ ಪೆಟ್ಟಿಗೆ ಇವೂ ಆ ಸಾಲಿಗೆ ಸೇರುತ್ತವೆ.

ಇಳಿಯುವ ಮುಂಚೆ ಎರಡು ಎಚ್ಚರಿಕೆ. ಇಂಥ ಡಬ್ಬಿಗಳು ವೈದ್ಯಕೀಯ ಸಾಧನಗಳ ನಿಯಮ, 2017ರ ವ್ಯಾಪ್ತಿಗೆ ಬರುವ ಸಂಭವವಿರುವುದರಿಂದ, ಯಾವ ವಸ್ತುವಿಗೆ ನೋಂದಣಿ ಸಾಕು, ಯಾವುದಕ್ಕೆ ಪರವಾನಗಿ ಬೇಕು ಎಂಬುದನ್ನು ಔಷಧ ನಿಯಂತ್ರಣ ಇಲಾಖೆಯಲ್ಲಿ ಬರಹದ ಮೂಲಕ ವಿಚಾರಿಸಿಕೊಳ್ಳುವುದು. ಎರಡನೆಯದು, ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತುಂಬುವ ಕೊಠಡಿಗೆ ಹೊರಗಾಳಿಯ ಚಿಮಣಿ, ಕೆಲಸಗಾರರಿಗೆ ಕೈಗವಸು ಮತ್ತು ಮುಖಗವಸು, ಚೆಲ್ಲಿದ ದ್ರವಕ್ಕೆ ಬೇರೆ ತೊಟ್ಟಿ ಇವುಗಳ ಖರ್ಚನ್ನು ಯೋಜನಾ ವರದಿಯ ಮೊದಲ ಪುಟದಲ್ಲಿಯೇ ಬರೆಯತಕ್ಕದ್ದು. ಬ್ಯಾಂಕಿನವರು ಕೇಳಿದ ಮೇಲೆ ಸೇರಿಸುವ ಬಾಬ್ತು ಇದಲ್ಲ.